ಸಾಲ್ವರ್ ಎಲ್ಲಿ ನಿಂತಿತು, ಯಾಕೆ ನಿಂತಿತು?

ಟ್ಯಾನ್ ಎಕ್ಸ್ ಸೊನ್ನೆಯಾಗುವ ಜಾಗ ಹುಡುಕಲು ಮ್ಯಾಟ್‌ಲ್ಯಾಬ್ ಎಂಬ ಗಣಿತ ತಂತ್ರಾಂಶದ ಎಫ್‌ಝೀರೋ ಎಂಬ ಸಾಲ್ವರ್‌ಗೆ (ಸಮೀಕರಣ ಬಿಡಿಸುವ ಫಂಕ್ಷನ್‌ಗೆ) ಹೇಳಿ, ಆರಂಭದ ಊಹೆಯಾಗಿ 1 ಕೊಟ್ಟರೆ ಬರುವ ಉತ್ತರ 1.5708. ಅದು ಪೈ ಭಾಗಿಸು 2. ಅಲ್ಲಿ ಟ್ಯಾನ್ ಸೊನ್ನೆಯ ಹತ್ತಿರವೂ ಇಲ್ಲ. ಒಂದು ಕಡೆ ಧನ ಅನಂತಕ್ಕೂ ಇನ್ನೊಂದು ಕಡೆ ಋಣ ಅನಂತಕ್ಕೂ ಓಡುತ್ತದೆ. ಇದನ್ನು ತಂತ್ರಾಂಶದ ದೋಷ ಎನ್ನಲಾಗದು. ಎಫ್‌ಝೀರೋ ಹುಡುಕುವುದು ಚಿಹ್ನೆ ಬದಲಾಗುವ ಜಾಗವನ್ನು, ಮತ್ತು ಅದರ ಕೈಪಿಡಿ ಇದೇ ಉದಾಹರಣೆ ಕೊಟ್ಟು ಹಾಗೆಂದು ಹೇಳುತ್ತದೆ. ಉತ್ಪನ್ನ, ಅಂದರೆ ಫಂಕ್ಷನ್, ಎಲ್ಲೂ ಕಡಿಯದೆ ಸಾಗಿದ್ದರೆ ಚಿಹ್ನೆ ಬದಲಾಗುವ ಜಾಗವೇ ಮೂಲ, ಬೆಲೆ ಸೊನ್ನೆಯಾಗುವ ಜಾಗ. ಕಡಿದಿದ್ದರೆ ಹಾಗಾಗಬೇಕಿಲ್ಲ. ಕೇಳಿದ ಪ್ರಶ್ನೆ ಒಂದು, ಉತ್ತರ ಸಿಕ್ಕ ಪ್ರಶ್ನೆ ಇನ್ನೊಂದು.

ಮ್ಯಾಟ್‌ಲ್ಯಾಬ್, ಅದನ್ನೇ ಹೋಲುವ ಆಕ್ಟೇವ್, ಪೈಥಾನ್ ಭಾಷೆಯ ಗಣಿತ ಗ್ರಂಥಾಲಯ ಸೈಪೈ, ಯಾವುದೇ ಇರಲಿ, ಸಂಖ್ಯಾತ್ಮಕ ವಿಧಾನದ ಪ್ರತಿ ಫಂಕ್ಷನ್ ಒಂದು ಷರತ್ತು ಹಿಡಿದು ಹೊರಡುತ್ತದೆ ಮತ್ತು ಆ ಷರತ್ತು ಪೂರೈಸಿದ ಕೂಡಲೇ ನಿಲ್ಲುತ್ತದೆ. ನಮ್ಮ ಕೈಗೆ ಬರುವುದು ಅದು ನಿಂತ ಜಾಗ. ಬಹುಪಾಲು ಸಲ ಆ ಜಾಗವೇ ನಮಗೆ ಬೇಕಾದ ಉತ್ತರ, ಅದಕ್ಕೇ ಇವನ್ನು ನಂಬಿ ಕೆಲಸ ಮಾಡುತ್ತೇವೆ. ಆದರೆ ಪರದೆಯ ಮೇಲೆ ಹದಿನಾರು ಅಂಕಿ ಮೂಡಿದಾಗ ಅದರಲ್ಲಿ ಎಷ್ಟು ಅಂಕಿ ನಂಬಬಹುದು ಎಂದು ತಿಳಿಯಬೇಕಾದರೆ, ಸಾಲ್ವರ್ ಯಾವ ಷರತ್ತಿನ ಮೇಲೆ ನಿಂತಿತು ಎಂದು ಕೇಳಲೇಬೇಕು.

ಮೊದಲು ಸಂಖ್ಯೆಯ ವಿಷಯ. ಡಬಲ್ ಎಂಬ 64 ಬಿಟ್ಟಿನ ಸಂಖ್ಯೆಯಲ್ಲಿ ಮುಖ್ಯ ಅಂಕಿಗಳಿಗೆ ಸಿಗುವುದು 53 ಬಿಟ್. 1ರ ನಂತರ ಅದು ಹಿಡಿಯಬಲ್ಲ ಮುಂದಿನ ಸಂಖ್ಯೆ 1 + 2⁻⁵², ಅಂದರೆ ಸುಮಾರು 2.2×10⁻¹⁶ರ ಅಂತರ. ಇದನ್ನೇ ಎಪ್ಸಿಲಾನ್ ಎನ್ನುತ್ತಾರೆ. ಈ ಅಂತರ ಎಲ್ಲ ಕಡೆ ಒಂದೇ ಅಲ್ಲ ಎನ್ನುವುದನ್ನು ಮರೆಯುವುದು ಸುಲಭ: ಹತ್ತು ಕೋಟಿಯ ಹತ್ತಿರ ಪಕ್ಕಪಕ್ಕದ ಎರಡು ಸಂಖ್ಯೆಗಳ ನಡುವೆ 1.5×10⁻⁸ರಷ್ಟು ಜಾಗವಿದೆ, 2⁵³ ತಲುಪಿದ ಮೇಲೆ ಅದಕ್ಕೆ 1 ಕೂಡಿಸಿದರೂ ಅದೇ ಸಂಖ್ಯೆ ಬರುತ್ತದೆ. 0.1 ಮತ್ತು 0.2 ಕೂಡಿಸಿದರೆ 0.3ಕ್ಕೆ ಸಮವಾಗದ ಸಂಗತಿ ಎಲ್ಲರಿಗೂ ಗೊತ್ತು, ಅದರ ವ್ಯತ್ಯಾಸ ಕೇವಲ 5.6×10⁻¹⁷. ಇಷ್ಟು ಚಿಕ್ಕ ತಪ್ಪು ತಾನಾಗಿ ಯಾರನ್ನೂ ಕೆಡಿಸದು. ಕೆಡುಕು ಶುರುವಾಗುವುದು ಹತ್ತಿರದ ಎರಡು ಸಂಖ್ಯೆಗಳನ್ನು ಕಳೆದಾಗ.

ಎಕ್ಸ್² − 10⁸ ಎಕ್ಸ್ + 1 = 0 ಎಂಬ ವರ್ಗ ಸಮೀಕರಣ ತೆಗೆದುಕೊಳ್ಳಿ. ಚಿಕ್ಕ ಮೂಲ 10⁻⁸. ಶಾಲೆಯ ಸೂತ್ರವನ್ನು ಹಾಗೇ ಟೈಪ್ ಮಾಡಿದರೆ ಬರುವುದು 7.45×10⁻⁹, ಅಂದರೆ ಕಾಲು ಭಾಗದಷ್ಟು ತಪ್ಪು. ವರ್ಗಮೂಲದ ಬೆಲೆ 10⁸ಕ್ಕಿಂತ 2×10⁻⁸ರಷ್ಟು ಕಡಿಮೆ ಇರಬೇಕು, ಆದರೆ ಆ ಎತ್ತರದಲ್ಲಿ ಸಂಖ್ಯೆಗಳ ಅಂತರವೇ 1.5×10⁻⁸, ಹಾಗಾಗಿ ಅದು ಹತ್ತಿರದ ಮೆಟ್ಟಿಲಿಗೆ ಕೂತುಬಿಡುತ್ತದೆ, ನಂತರದ ವ್ಯವಕಲನ ಆ ತಪ್ಪನ್ನಷ್ಟೇ ಉಳಿಸಿ ಮಿಕ್ಕಿದ್ದನ್ನೆಲ್ಲ ಅಳಿಸುತ್ತದೆ. ಪರಿಹಾರ ಸರಳ: ಕೂಡುವ ಚಿಹ್ನೆಯಿಂದ ದೊಡ್ಡ ಮೂಲ ತೆಗೆಯಿರಿ, ಮೂಲಗಳ ಗುಣಲಬ್ಧ 1 ಆಗಿರುವುದರಿಂದ ಚಿಕ್ಕದನ್ನು ಭಾಗಾಕಾರದಿಂದ ಪಡೆಯಿರಿ. ಹದಿನಾರು ಅಂಕಿಯೂ ಸರಿ ಬರುತ್ತದೆ. ಇದೇ ಕಾರಣಕ್ಕೆ ಈ ತಂತ್ರಾಂಶಗಳಲ್ಲಿ ಎಕ್ಸ್‌ಪಿಎಂ1 (ಎಕ್ಸ್‌ಪಿ ತೆಗೆದು 1 ಕಳೆಯುವುದು) ಮತ್ತು ಲಾಗ್1ಪಿ (1 ಕೂಡಿಸಿ ಲಾಗ್ ತೆಗೆಯುವುದು) ಎಂಬ, ಮೊದಲ ನೋಟಕ್ಕೆ ಅನಗತ್ಯವೆನಿಸುವ ಎರಡು ಫಂಕ್ಷನ್‌ಗಳಿವೆ. 10⁻¹⁰ಕ್ಕೆ ಎಕ್ಸ್‌ಪಿ ತೆಗೆದು 1 ಕಳೆದರೆ 1.00000008×10⁻¹⁰ ಬರುತ್ತದೆ, ಏಳು ಅಂಕಿಗಳ ನಂತರ ಎಲ್ಲ ಕಸ. ಎಕ್ಸ್‌ಪಿಎಂ1 ಪೂರ್ತಿ ಸರಿ ಕೊಡುತ್ತದೆ. ಸಣ್ಣ ಬಡ್ಡಿದರವಾಗಲಿ, ಸಣ್ಣ ಸಂಭವನೀಯತೆಯಾಗಲಿ, ಲೆಕ್ಕದಲ್ಲಿ ಬಂದರೆ ಇವೆರಡನ್ನೇ ಬಳಸಿ.

ಇನ್ನು ನಾವು ಬರೆದು ಸಾಲ್ವರ್ ಕೈಗೆ ಕೊಡುವ ಫಂಕ್ಷನ್. ಇಲ್ಲಿನ ಎಡವಟ್ಟುಗಳು ಗಣಿತದವಲ್ಲ, ಆದರೂ ದಿನಗಟ್ಟಲೆ ಕಾಡುತ್ತವೆ. ಮ್ಯಾಟ್‌ಲ್ಯಾಬ್‌ನಲ್ಲಿ ಅನುಕಲನ ಮಾಡುವ ಇಂಟಿಗ್ರಲ್ ನಿಮ್ಮ ಫಂಕ್ಷನ್‌ಗೆ ಒಂದೊಂದೇ ಸಂಖ್ಯೆ ಕಳಿಸುವುದಿಲ್ಲ, ಇಡೀ ಸಾಲನ್ನೇ ಒಮ್ಮೆಗೆ ಕಳಿಸುತ್ತದೆ. ಹಾಗಾಗಿ ಗುಣಾಕಾರ, ಭಾಗಾಕಾರ, ಘಾತದ ಮುಂದೆ ಚುಕ್ಕಿ ಇರಬೇಕು. ಯಾವಾಗಲೂ 5 ಕೊಡುವ ಫಂಕ್ಷನ್ ಬರೆದರೆ ದೂರು ಬರುತ್ತದೆ, ಯಾಕೆಂದರೆ ಸಾಲು ಕೊಟ್ಟಾಗ ಅಷ್ಟೇ ಉದ್ದದ ಸಾಲು ಮರಳಬೇಕು; ಎಕ್ಸ್ ಅನ್ನು ಸೊನ್ನೆಯಿಂದ ಗುಣಿಸಿ 5 ಕೂಡಿಸಿದರೆ ಸಮಸ್ಯೆ ಮುಗಿಯುತ್ತದೆ. ಅಲ್ಲಿನ ಹೆಸರಿಲ್ಲದ ಫಂಕ್ಷನ್ ತನ್ನೊಳಗಿನ ಸ್ಥಿರಾಂಕದ ಬೆಲೆಯನ್ನು ಹುಟ್ಟಿದ ಗಳಿಗೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಸ್ಥಿರಾಂಕ ಬದಲಿಸಿದರೂ ಹಳೆಯ ಬೆಲೆಯೇ. ಪೈಥಾನ್‌ನ ಲ್ಯಾಂಬ್ಡಾ ಇದರ ತದ್ವಿರುದ್ಧ, ಕರೆದಾಗ ಯಾವ ಬೆಲೆ ಇದೆಯೋ ಅದನ್ನು ಓದುತ್ತದೆ. ಒಂದರಿಂದ ಇನ್ನೊಂದಕ್ಕೆ ಕೋಡ್ ಸಾಗಿಸುವವರು ಇದನ್ನು ಮೊದಲು ನೋಡಬೇಕು. ಆವರಣದಲ್ಲಿಟ್ಟ −8ಕ್ಕೆ 1/3ರ ಘಾತ ಕೇಳಿದರೆ ಮ್ಯಾಟ್‌ಲ್ಯಾಬ್ −2 ಕೊಡದೆ 1 + 1.732ಐ ಎಂಬ ಸಂಕೀರ್ಣ ಸಂಖ್ಯೆ ಕೊಡುತ್ತದೆ, ಪೈಥಾನ್‌ನ ಇನ್ನೊಂದು ಗಣಿತ ಗ್ರಂಥಾಲಯವಾದ ನಂಪೈಯ ಪವರ್ ಫಂಕ್ಷನ್ ನ್ಯಾನ್ (ಸಂಖ್ಯೆಯಲ್ಲ ಎಂಬ ಗುರುತು) ಕೊಡುತ್ತದೆ. ವಾಸ್ತವ ಘನಮೂಲ ಬೇಕಾದರೆ ಎನ್‌ಥ್‌ರೂಟ್ ಅಥವಾ ಸಿಬಿಆರ್‌ಟಿ ಕರೆಯಬೇಕು. ಪ್ರಮಾಣ ವಿಚಲನೆಯನ್ನು ಮ್ಯಾಟ್‌ಲ್ಯಾಬ್ ತಾನಾಗಿ ಎನ್ − 1ರಿಂದ ಭಾಗಿಸಿದರೆ ನಂಪೈ ಎನ್‌ನಿಂದ ಭಾಗಿಸುತ್ತದೆ. ಹತ್ತು ದತ್ತಾಂಶಗಳಿದ್ದರೆ ಎರಡರ ಉತ್ತರಗಳಲ್ಲಿ ಸುಮಾರು 5 ಪ್ರತಿಶತ ವ್ಯತ್ಯಾಸ.

ಮೂಲ ಹುಡುಕುವ ವಿಧಾನಗಳಿಗೆ ಮರಳೋಣ. ಅರ್ಧಿಸುತ್ತ ಹೋಗುವ ಬೈಸೆಕ್ಷನ್ ನಿಧಾನ, ಆದರೆ ಅದರ ಮಾತು ಸತ್ಯ: ಪ್ರತಿ ಹೆಜ್ಜೆಗೆ ಒಂದು ಬಿಟ್ ಖಚಿತ. 1 ಮತ್ತು 2ರ ನಡುವಿನ ಮೂಲಕ್ಕೆ 52 ಹೆಜ್ಜೆ ಸಾಕು, ಅದಕ್ಕಿಂತ ಹೆಚ್ಚು ಡಬಲ್‌ನಲ್ಲಿ ಜಾಗವೇ ಇಲ್ಲ. ನ್ಯೂಟನ್ ವಿಧಾನ ಮೂಲದ ಹತ್ತಿರ ಬಂದ ಮೇಲೆ ಪ್ರತಿ ಹೆಜ್ಜೆಗೆ ಸರಿಯಾದ ಅಂಕಿಗಳನ್ನು ಇಮ್ಮಡಿ ಮಾಡುತ್ತದೆ, ದೂರವಿದ್ದರೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಎಕ್ಸ್³ − 2 ಎಕ್ಸ್ + 2ಕ್ಕೆ 0ಯಿಂದ ಹೊರಟರೆ 1ಕ್ಕೆ ಹೋಗುತ್ತದೆ, 1ರಿಂದ 0ಗೆ ಮರಳುತ್ತದೆ, ಮತ್ತೆ 1. ಗರಿಷ್ಠ ಸುತ್ತುಗಳ ಮಿತಿ ಇಲ್ಲದಿದ್ದರೆ ಇದು ನಿಲ್ಲುವುದೇ ಇಲ್ಲ. ಡೆಕರ್ 1969ರಲ್ಲಿ ಹಾಕಿದ ದಾರಿಯನ್ನು ಬ್ರೆಂಟ್ 1973ರಲ್ಲಿ ತಿದ್ದಿದ್ದು ಈ ಎರಡು ಗುಣಗಳನ್ನು ಹೆಣೆಯುವುದಕ್ಕೆ: ಚಿಹ್ನೆ ಬದಲಾಗುವ ಅಂತರವನ್ನು ಎಂದೂ ಕೈಬಿಡದೆ, ವೇಗದ ಹೆಜ್ಜೆ ಸಾಧ್ಯವಾದಾಗ ಇಡುವುದು, ಇಲ್ಲವಾದರೆ ಅರ್ಧಿಸುವುದು. ಎಫ್‌ಝೀರೋ ಮತ್ತು ಸೈಪೈಯ ಬ್ರೆಂಟ್‌ಕ್ಯೂ ಎರಡರ ಒಳಗೂ ಇದೇ ಇದೆ. ಒಂದು ಚರಾಂಕದ ಸಮೀಕರಣಕ್ಕೆ ಇದಕ್ಕಿಂತ ನೆಮ್ಮದಿಯ ಸಾಧನ ಬೇಡ. ಎರಡು ತುದಿಗಳನ್ನು ನೀವೇ ಕೊಡಿ, ಒಂದೇ ಊಹೆ ಕೊಟ್ಟು ಅಂತರವನ್ನು ಅದೇ ಹುಡುಕಲಿ ಎಂದು ಬಿಡಬೇಡಿ.

ಜೋಡಿ ಮೂಲ ಬಂದರೆ ಬ್ರೆಂಟ್ ಕೈಚೆಲ್ಲುತ್ತದೆ, ಯಾಕೆಂದರೆ ರೇಖೆ ಅಕ್ಷವನ್ನು ಮುಟ್ಟಿ ಹಿಂದಿರುಗುತ್ತದೆ, ದಾಟುವುದಿಲ್ಲ. ನ್ಯೂಟನ್ ಅಲ್ಲಿಗೆ ತಲುಪಿದರೂ ತಪ್ಪನ್ನು ಪ್ರತಿ ಹೆಜ್ಜೆಗೆ ಅರ್ಧ ಮಾತ್ರ ಮಾಡುತ್ತದೆ. ಎಷ್ಟು ಹೊತ್ತು ಓಡಿಸಿದರೂ ಸುಮಾರು ಎಂಟು ಅಂಕಿಗಳ ಆಚೆ ಹೋಗುವುದು ಕಷ್ಟ: ಎಕ್ಸ್² − 2 ಎಕ್ಸ್ + 1ರ ಬೆಲೆ, 1ರಿಂದ 10⁻⁸ ದೂರದಲ್ಲಿ ಆಗಲೇ 10⁻¹⁶, ಲೆಕ್ಕದ ಗದ್ದಲವೂ ಅಷ್ಟೇ ಇರುತ್ತದೆ. ಕನಿಷ್ಠ ಬಿಂದು ಹುಡುಕುವ ಫಂಕ್ಷನ್‌ಗಳಿಗೂ ಇದೇ ಗತಿ. ತಳದಲ್ಲಿ ರೇಖೆ ಚಪ್ಪಟೆ, ಹಾಗಾಗಿ ಬೆಲೆಗಳನ್ನಷ್ಟೇ ಹೋಲಿಸುವ ಸಾಲ್ವರ್‌ನಿಂದ ಕನಿಷ್ಠ ಬೆಲೆ ಹದಿನೈದು ಅಂಕಿ ಸಿಕ್ಕರೂ ಅದು ಸಿಗುವ ಜಾಗ ಎಂಟು ಅಂಕಿ ಮಾತ್ರ. ಅಲ್ಲಿ ಟಾಲರೆನ್ಸ್ ಅನ್ನು, ಅಂದರೆ ಸಾಲ್ವರ್ ಸಾಕೆಂದು ನಿಲ್ಲುವ ತಪ್ಪಿನ ಮಿತಿಯನ್ನು, 10⁻¹⁴ಕ್ಕೆ ಇಳಿಸುವುದು ಬರಿಯ ಕಾಲಹರಣ.

ಹಲವು ಚರಾಂಕಗಳ ಸಮೀಕರಣಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅಳತೆಯ ಪ್ರಶ್ನೆ. ಇವನ್ನು ಬಿಡಿಸುವ ಮ್ಯಾಟ್‌ಲ್ಯಾಬ್‌ನ ಎಫ್‌ಸಾಲ್ವ್‌ನ ಟಾಲರೆನ್ಸ್‌ಗಳು ತಾವಾಗಿ 10⁻⁶ ಇರುತ್ತವೆ. ನಿಮ್ಮ ಸಮೀಕರಣಗಳು ಫ್ಯಾರಡ್‌ನಲ್ಲೋ ಮೀಟರ್‌ನಲ್ಲೋ ಬರೆದಿದ್ದು, ಎಲ್ಲ ಬೆಲೆಗಳೂ 10⁻⁹ರ ಆಸುಪಾಸಿನಲ್ಲಿದ್ದರೆ, ನೀವು ಕೊಟ್ಟ ಊಹೆಯಲ್ಲೇ ಷರತ್ತು ಪೂರೈಸಿಬಿಡುತ್ತದೆ. ಸಾಲ್ವರ್ ಒಂದು ಹೆಜ್ಜೆಯೂ ಇಡದೆ ಆ ಊಹೆಯನ್ನೇ ಉತ್ತರವೆಂದು ಮರಳಿಸಬಹುದು, ಅದರ ಜೊತೆ ಯಶಸ್ಸಿನ ಸಂದೇಶವನ್ನೂ. ನ್ಯಾನೋಫ್ಯಾರಡ್, ನ್ಯಾನೋಮೀಟರ್‌ಗಳಲ್ಲಿ ಬರೆದು ಚರಾಂಕಗಳೂ ಸಮೀಕರಣಗಳೂ 1ರ ಹತ್ತಿರ ಬರುವಂತೆ ಮಾಡಿದರೆ ಅದೇ ಸಾಲ್ವರ್ ಸರಿಯಾಗಿ ದುಡಿಯುತ್ತದೆ. ಸುತ್ತುಗಳ ಸಂಖ್ಯೆ 0 ಎಂದು ವರದಿಯಾದರೆ ಮೊದಲು ಇದನ್ನೇ ಶಂಕಿಸಿ.

ಎಫ್‌ಸಾಲ್ವ್‌ನಂಥವು ಒಳಗೆ ಅವಕಲನವನ್ನು (ಎಕ್ಸ್ ಸರಿದಂತೆ ಬೆಲೆ ಬದಲಾಗುವ ದರವನ್ನು) ತಾವೇ ಅಂದಾಜಿಸುತ್ತವೆ: ಎಕ್ಸ್ ಅನ್ನು ಹೆಚ್ ಎಂಬ ಪುಟ್ಟ ಹೆಜ್ಜೆಯಷ್ಟು ಸರಿಸಿ, ಬೆಲೆಗಳ ವ್ಯತ್ಯಾಸವನ್ನು ಹೆಚ್‌ನಿಂದ ಭಾಗಿಸಿ. ಹೆಚ್ ಚಿಕ್ಕದಾದಷ್ಟೂ ಒಳ್ಳೆಯದು ಎಂಬುದು ಕಾಗದದ ಮೇಲಿನ ಮಾತು. ಯಂತ್ರದಲ್ಲಿ ಹೆಚ್ ಅನ್ನು 10⁻¹⁶ ಮಾಡಿದರೆ 1 + ಹೆಚ್ ಎಂದರೆ 1, ಅವಕಲನ ಸೊನ್ನೆ. ಮುಂಚೂಣಿ ವ್ಯತ್ಯಾಸಕ್ಕೆ ಸರಿಯಾದ ಹೆಜ್ಜೆ ಎಪ್ಸಿಲಾನ್‌ನ ವರ್ಗಮೂಲ, ಸುಮಾರು 1.5×10⁻⁸, ಸಿಗುವ ನಿಖರತೆಯೂ ಎಂಟು ಅಂಕಿ. ಎರಡೂ ಕಡೆ ಸರಿಸುವ ಕೇಂದ್ರ ವ್ಯತ್ಯಾಸಕ್ಕೆ ಘನಮೂಲ, ಸುಮಾರು 6×10⁻⁶. ಅಲ್ಲಿ ಹತ್ತು ಹನ್ನೊಂದು ಅಂಕಿ ಸಿಗುತ್ತವೆ. ಇದನ್ನು ಮೀರುವ ಸೊಗಸಾದ ಉಪಾಯವೊಂದಿದೆ: ಎಕ್ಸ್‌ಗೆ ಕಾಲ್ಪನಿಕ ಹೆಜ್ಜೆ ಐ × ಹೆಚ್ ಕೂಡಿಸಿ, ಬಂದ ಬೆಲೆಯ ಕಾಲ್ಪನಿಕ ಭಾಗವನ್ನು ಹೆಚ್‌ನಿಂದ ಭಾಗಿಸುವುದು. ವ್ಯವಕಲನವೇ ಇಲ್ಲವಾದ್ದರಿಂದ ಹೆಚ್ 10⁻²⁰ ಇದ್ದರೂ ತೊಂದರೆಯಿಲ್ಲ, ಅವಕಲನ ಪೂರ್ಣ ನಿಖರತೆಯಲ್ಲಿ ಬರುತ್ತದೆ. ಫಂಕ್ಷನ್‌ನೊಳಗೆ ಎಲ್ಲೂ ಎಬಿಎಸ್ (ನಿರಪೇಕ್ಷ ಬೆಲೆ) ಇರಬಾರದು, ಮ್ಯಾಟ್‌ಲ್ಯಾಬ್‌ನಲ್ಲಾದರೆ ಚುಕ್ಕಿಯಿಲ್ಲದ ಅಪಾಸ್ಟ್ರಫಿಯಿಂದ ಸಾಲು ತಿರುಗಿಸಿರಬಾರದು. ಅದು ಕಾಲ್ಪನಿಕ ಭಾಗದ ಚಿಹ್ನೆಯನ್ನೂ ತಿರುಗಿಸುತ್ತದೆ, ಅವಕಲನ ಋಣವಾಗಿ ಬರುತ್ತದೆ, ಎಚ್ಚರಿಕೆಯ ಸಂದೇಶವೂ ಇರುವುದಿಲ್ಲ.

ಈಗ ಒಂದರೊಳಗೊಂದು ಸಾಲ್ವರ್ ಇಟ್ಟಾಗ ಏನಾಗುತ್ತದೆ ನೋಡಿ. ಹೊರಗೆ ಎಫ್‌ಸಾಲ್ವ್, ಅದು ಕರೆಯುವ ನಿಮ್ಮ ಫಂಕ್ಷನ್, ಅದರೊಳಗೆ ಒಂದು ಅನುಕಲನ ಅಥವಾ ಅವಕಲ ಸಮೀಕರಣ. ಒಳಗಿನದು 10⁻⁶ರ ಟಾಲರೆನ್ಸ್‌ನಲ್ಲಿ ನಿಲ್ಲುತ್ತದೆ. ಎಕ್ಸ್‌ನಲ್ಲಿ ಅದು 40 ಹೆಜ್ಜೆ ಇಟ್ಟು, ಎಕ್ಸ್ + ಹೆಚ್‌ನಲ್ಲಿ 41 ಇಟ್ಟರೆ, ಎರಡು ಬೆಲೆಗಳ ನಡುವೆ 10⁻⁶ರಷ್ಟು ಅರ್ಥವಿಲ್ಲದ ಜಿಗಿತ ಬರಬಹುದು. ಅದನ್ನು 10⁻⁸ರಿಂದ ಭಾಗಿಸಿ: ಅವಕಲನದಲ್ಲಿ 100ರಷ್ಟು ತಪ್ಪು. ಹೊರಗಿನ ಸಾಲ್ವರ್ ದಿಕ್ಕು ತಪ್ಪಿ ಅಲೆದಾಡುತ್ತದೆ, ನಾವು ಊಹೆ ಬದಲಿಸುತ್ತ, ವಿಧಾನ ಬದಲಿಸುತ್ತ ಕೂರುತ್ತೇವೆ. ತಪ್ಪು ಇರುವುದು ಟಾಲರೆನ್ಸ್‌ಗಳ ಹೊಂದಾಣಿಕೆಯಲ್ಲಿ. ಒಳಗಿನದನ್ನು ಮೊದಲು ಬಿಗಿ ಮಾಡಿ, 10⁻¹⁰ ಎನ್ನೋಣ. ಆಮೇಲೆ ಹೊರಗಿನ ವ್ಯತ್ಯಾಸದ ಹೆಜ್ಜೆಯನ್ನು ಅದರ ವರ್ಗಮೂಲಕ್ಕೆ, 10⁻⁵ಕ್ಕೆ, ಹಿಗ್ಗಿಸಿ. ಈ ಎರಡು ಸಾಲು ಬದಲಿಸಿದರೆ ನಿಂತುಹೋಗಿದ್ದ ಎಷ್ಟೋ ಮಾದರಿಗಳು ಓಡತೊಡಗುತ್ತವೆ.

ಅನುಕಲನದ ಫಂಕ್ಷನ್‌ಗಳು ಬಹಳ ಬುದ್ಧಿವಂತ, ಆದರೆ ಅವು ನೋಡಿದ ಬಿಂದುಗಳ ಬಗ್ಗೆ ಮಾತ್ರ ಅವಕ್ಕೆ ಗೊತ್ತು. ಎಕ್ಸ್‌ಪಿ(−ಎಕ್ಸ್²) ಅನ್ನು 0ಯಿಂದ 10,000ದವರೆಗೆ ಸೈಪೈಯ ಕ್ವಾಡ್‌ಗೆ ಕೊಡಿ. ಸರಿಯಾದ ಉತ್ತರ 0.8862. ಬರುವುದು ಲೆಕ್ಕಕ್ಕೇ ಸಿಗದಷ್ಟು ಚಿಕ್ಕ, ಸೊನ್ನೆಯೆನ್ನಬಹುದಾದ ಸಂಖ್ಯೆ, ತಪ್ಪಿನ ಅಂದಾಜೂ ಸೊನ್ನೆ. ಅದು ಮೊದಲು 21 ಬಿಂದುಗಳಲ್ಲಿ ಇಣುಕುತ್ತದೆ. ಅವುಗಳಲ್ಲಿ 0ಗೆ ತೀರ ಹತ್ತಿರದ್ದೇ 21.7ರಲ್ಲಿದೆ, ಅಲ್ಲಿ ಉತ್ಪನ್ನ 10⁻²⁰⁰ಕ್ಕಿಂತ ಕೆಳಗೆ. ಎಲ್ಲ ಕಡೆ ಸೊನ್ನೆ ಕಂಡ ಮೇಲೆ ಅದು ಇನ್ನೂ ಹುಡುಕಲು ಕಾರಣವಾದರೂ ಏನು? ಗುಡ್ಡ ಎಲ್ಲಿದೆ ಎಂದು ನಿಮಗೆ ಗೊತ್ತಿದ್ದರೆ ಹೇಳಿ: ಕ್ವಾಡ್‌ಗೆ ಪಾಯಿಂಟ್ಸ್, ಇಂಟಿಗ್ರಲ್‌ಗೆ ವೇಪಾಯಿಂಟ್ಸ್ ಎಂಬ ಆಯ್ಕೆಗಳಿವೆ. ಅಥವಾ ಮೇಲಿನ ಮಿತಿಯನ್ನು ಅನಂತವೆಂದೇ ಕೊಡಿ, ಆಗ ಒಳಗೆ ಚರಾಂಕ ಬದಲಿಸುವ ಬೇರೆ ದಾರಿ ಹಿಡಿದು ಅದು ಸರಿಯಾಗಿ ಮುಗಿಸುತ್ತದೆ. ಸುರಕ್ಷಿತವಾಗಿರಲೆಂದು ದೊಡ್ಡ ಸಂಖ್ಯೆಯನ್ನು ಅನಂತದ ಬದಲಿಗೆ ಹಾಕುವ ಅಭ್ಯಾಸ ಇಲ್ಲಿ ಹಾನಿಯನ್ನೇ ಮಾಡುತ್ತದೆ.

ಅವಕಲ ಸಮೀಕರಣಗಳಲ್ಲಿ ಎಲ್ಲರೂ ಮೊದಲು ಕೈಹಾಕುವುದು ಮ್ಯಾಟ್‌ಲ್ಯಾಬ್‌ನ ಓಡಿಇ45ಕ್ಕೆ ಅಥವಾ ಸೈಪೈಯ ಸಾಲ್ವ್ ಐವಿಪಿಗೆ. ಎರಡರ ಒಳಗೂ ಡಾರ್ಮಂಡ್ ಮತ್ತು ಪ್ರಿನ್ಸ್ 1980ರಲ್ಲಿ ಕೊಟ್ಟ ರುಂಗೆ–ಕುಟ್ಟಾ ಸೂತ್ರ; ಎರಡರಲ್ಲೂ ಸಾಪೇಕ್ಷ ಟಾಲರೆನ್ಸ್ ತಾನಾಗಿ 10⁻³, ನಿರಪೇಕ್ಷ ಟಾಲರೆನ್ಸ್ 10⁻⁶. ಮೊದಲನೆಯದು ಹೇಳುವುದು ಪ್ರತಿ ಹೆಜ್ಜೆಗೆ ಸಾವಿರದಲ್ಲಿ ಒಂದರಷ್ಟು ತಪ್ಪು ಸಹಿಸುತ್ತೇನೆ ಎಂದು, ಕೊನೆಯ ಉತ್ತರದ ಬಗ್ಗೆ ಅಲ್ಲ. ಸಾವಿರಾರು ಸುತ್ತು ಹಾಕುವ ಕಕ್ಷೆಗೆ ಇದು ಏನೇನೂ ಸಾಲದು, ಶಕ್ತಿ ನಿಧಾನವಾಗಿ ಸೋರುತ್ತದೆ. ಎರಡನೆಯದು ಹೇಳುವುದು 10⁻⁶ಕ್ಕಿಂತ ಚಿಕ್ಕ ಬೆಲೆಗಳನ್ನು ಲೆಕ್ಕಿಸೆನು ಎಂದು. ರಾಸಾಯನಿಕ ಕ್ರಿಯೆಯಲ್ಲಿ 10⁻⁹ರ ಸಾಂದ್ರತೆಯಲ್ಲಿರುವ ಘಟಕವೊಂದು ಇಡೀ ಕ್ರಿಯೆಯನ್ನು ನಡೆಸುತ್ತಿದ್ದರೆ, ಅದರ ಬೆಲೆ ಬರಿಯ ಗದ್ದಲ, ಕೆಲವೊಮ್ಮೆ ಋಣಸಂಖ್ಯೆ ಕೂಡ. ನಿರಪೇಕ್ಷ ಟಾಲರೆನ್ಸ್ ಅನ್ನು ಪ್ರತಿ ಘಟಕಕ್ಕೂ ಬೇರೆಬೇರೆಯಾಗಿ ಕೊಡಬಹುದು; ಕೊಡಲೇಬೇಕಾದ ಸಂದರ್ಭ ಇದು. ಓಡಿಇ45ರ ಚಿತ್ರ ನುಣುಪಾಗಿ ಕಂಡಿತೆಂದು ಸಮಾಧಾನ ಪಡಬೇಡಿ: ಅದು ಪ್ರತಿ ಹೆಜ್ಜೆಗೆ ನಾಲ್ಕು ಬಿಂದು ಕೊಡುತ್ತದೆ, ಅದರಲ್ಲಿ ಮೂರು ನಡುವೆ ತುಂಬಿಸಿದವು.

ಓಡಿಇ45 ಹಠಾತ್ತನೆ ತೆವಳತೊಡಗಿದರೆ ಸಮೀಕರಣ ಸ್ಟಿಫ್ ಇರಬಹುದು, ಅಂದರೆ ಉತ್ತರ ಸಾವಕಾಶವಾಗಿದ್ದರೂ ಸಾಲ್ವರ್ ಪುಟ್ಟ ಹೆಜ್ಜೆಗಳನ್ನೇ ಇಡಬೇಕಾದಂಥದ್ದು. ವೈ ಅವಕಲನ = −1000 (ವೈ − ಕಾಸ್ ಟಿ) ಎಂಬುದರ ಉತ್ತರ, ಆರಂಭದ ಕ್ಷಣ ಬಿಟ್ಟರೆ, ಕಾಸ್‌ನಷ್ಟೇ ಸಾವಕಾಶ. ಆದರೂ ಈ ಸೂತ್ರದ ಹೆಜ್ಜೆ 0.0033 ದಾಟಿದರೆ ಉತ್ತರ ಸಿಡಿಯುತ್ತದೆ. ಟಿ 100 ತಲುಪಲು ಸುಮಾರು 30 ಸಾವಿರ ಹೆಜ್ಜೆ, ಪ್ರತಿ ಹೆಜ್ಜೆಗೆ ಆರು ಸಲ ಫಂಕ್ಷನ್ ಲೆಕ್ಕ. ಹೆಜ್ಜೆಯನ್ನು ತಡೆಹಿಡಿದಿರುವುದು ಸ್ಥಿರತೆ, ನಿಖರತೆಯಲ್ಲ. ಹಾಗಾಗಿ ಟಾಲರೆನ್ಸ್ ಸಡಿಲಿಸಿದರೆ ಏನೂ ಬದಲಾಗದು. ಇದೇ ಒಳ್ಳೆಯ ಪರೀಕ್ಷೆಯೂ ಹೌದು: ಟಾಲರೆನ್ಸ್ ನೂರು ಪಟ್ಟು ಸಡಿಲಿಸಿ, ಹೆಜ್ಜೆಗಳ ಸಂಖ್ಯೆ ಕದಲದಿದ್ದರೆ ಓಡಿಇ15ಎಸ್‌ಗೋ, ಸೈಪೈಯ ಬಿಡಿಎಫ್ ಅಥವಾ ರಾಡೌಗೋ ಬದಲಿಸಿ. ಸಮೀಕರಣದೊಳಗೆ ಸ್ವಿಚ್‌ನಂತೆ ಬದಲಾಗುವ ಬಲವಿದ್ದರೆ ಆ ಕ್ಷಣದಲ್ಲಿ ಲೆಕ್ಕ ನಿಲ್ಲಿಸಿ, ಅಲ್ಲಿಂದ ಹೊಸದಾಗಿ ಆರಂಭಿಸುವುದು ಲೇಸು.

ರೇಖೀಯ ಸಮೀಕರಣಗಳ ಬಗ್ಗೆ ಚುಟುಕಾಗಿ. ವಿಲೋಮ ಮಾತೃಕೆ ತೆಗೆದು ಗುಣಿಸಬೇಡಿ. ಮ್ಯಾಟ್‌ಲ್ಯಾಬ್‌ನ ಹಿಂಓರೆಗೆರೆ ಅಥವಾ ನಂಪೈಯ ಸಾಲ್ವ್ ಬಳಸಿ. ಎನ್ ಗಾತ್ರಕ್ಕೆ ವಿಲೋಮದ ಲೆಕ್ಕ 2 ಎನ್³ರಷ್ಟು, ಇವು ಬಳಸುವ ಎಲ್‌ಯು ವಿಭಜನೆಯದು ಅದರ ಮೂರನೇ ಒಂದು ಭಾಗ, ನಿಖರತೆಯೂ ಎರಡನೆಯದರದ್ದೇ ಮೇಲು. ಮಾತೃಕೆ ಕೆಟ್ಟಿದೆಯೇ ಎಂದು ನಿರ್ಧಾರಕದಿಂದ ಅಳೆಯಬೇಡಿ. ಕರ್ಣದಲ್ಲಿ 0.1, ಉಳಿದೆಡೆ ಸೊನ್ನೆ ಇರುವ 100×100 ಮಾತೃಕೆಯ ನಿರ್ಧಾರಕ 10⁻¹⁰⁰, ಆದರೆ ಅದಕ್ಕಿಂತ ಆರೋಗ್ಯವಂತ ಮಾತೃಕೆ ಇಲ್ಲ. ಅಳೆಯಬೇಕಾದ್ದು ಕಂಡಿಷನ್ ನಂಬರ್: ಅದು 10ರ ಎಷ್ಟನೇ ಘಾತವೋ ಅಷ್ಟು ಅಂಕಿ ಹದಿನಾರರಿಂದ ಹೋಯಿತೆಂದು ತಿಳಿಯಿರಿ. 1, 1/2, 1/3 ಮುಂತಾದ ಭಿನ್ನರಾಶಿಗಳಿಂದಾದ 10×10 ಹಿಲ್ಬರ್ಟ್ ಮಾತೃಕೆಯದು 1.6×10¹³, ಉಳಿಯುವುದು ಮೂರೇ ಅಂಕಿ. 12×12ರದ್ದು 10¹⁶ ದಾಟುತ್ತದೆ, ಏನೂ ಉಳಿಯುವುದಿಲ್ಲ. ವಿಚಿತ್ರವೆಂದರೆ ಆ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡಿದರೆ ಶೇಷ 10⁻¹⁶ರ ಹತ್ತಿರವೇ ಬರುತ್ತದೆ. ಶೇಷ ಚಿಕ್ಕದು ಎಂದರೆ ಉತ್ತರ ಸರಿ ಎಂದಲ್ಲ. ಮ್ಯಾಟ್‌ಲ್ಯಾಬ್ ಇಲ್ಲಿ ಎಚ್ಚರಿಸುತ್ತದೆ, ನಂಪೈಯ ಸಾಲ್ವ್ ಮೌನವಾಗಿ ಸಂಖ್ಯೆ ಕೊಟ್ಟುಬಿಡುತ್ತದೆ.

ಬಹುಪದಗಳ ಮೂಲ ತೆಗೆಯುವ ರೂಟ್ಸ್ ಫಂಕ್ಷನ್ ಒಳಗೆ ಮಾತೃಕೆಯೊಂದರ ಐಗನ್ ಮೌಲ್ಯ ಲೆಕ್ಕಹಾಕುತ್ತದೆ ಮತ್ತು ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ಪ್ರಶ್ನೆಯೇ ದುರ್ಬಲವಾಗಿದ್ದರೆ ವಿಧಾನ ಏನು ಮಾಡೀತು? 1ರಿಂದ 20ರವರೆಗಿನ ಪೂರ್ಣಾಂಕಗಳೇ ಮೂಲವಾಗಿರುವ ಬಹುಪದದಲ್ಲಿ ಹತ್ತೊಂಬತ್ತನೇ ಘಾತದ ಸಹಗುಣಕ −210. ಅದನ್ನು 2⁻²³ರಷ್ಟು ಕಡಿಮೆ ಮಾಡಿದರೆ, ವಿಲ್ಕಿನ್ಸನ್ ತೋರಿಸಿದಂತೆ, 16 ಮತ್ತು 17ರ ಜಾಗದಲ್ಲಿ 16.73 ± 2.81ಐ ಎಂಬ ಸಂಕೀರ್ಣ ಜೋಡಿ ಕಾಣಿಸಿಕೊಳ್ಳುತ್ತದೆ. ಅಳತೆಯಿಂದ ಬಂದ ಸಹಗುಣಕಗಳಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ತಪ್ಪಿರುತ್ತದೆ. ಆದ್ದರಿಂದ ಐಗನ್ ಮೌಲ್ಯ ಬೇಕಿದ್ದರೆ ಮಾತೃಕೆಯಿಂದ ಬಹುಪದ ಮಾಡಿ ಮೂಲ ಹುಡುಕುವ ಪಠ್ಯಪುಸ್ತಕದ ದಾರಿ ಬಿಟ್ಟು ನೇರವಾಗಿ ಐಗ್ ಕರೆಯಿರಿ.

ಉತ್ತರವನ್ನು ಪರೀಕ್ಷಿಸಲು ನಾನು ಹೇಳುವ ಕ್ರಮ ಹೀಗಿದೆ. ಮೊದಲು ನಿರ್ಗಮನದ ಸೂಚಕ ಓದುವುದು. ಎಫ್‌ಝೀರೋ 1 ಕೊಟ್ಟರೆ ಉತ್ತರಕ್ಕೆ ಬಂದು ತಲುಪಿದೆ, −5 ಕೊಟ್ಟರೆ ಉತ್ಪನ್ನ ಕಡಿಯುವ ಬಿಂದುವಿಗೆ ಬಂದಿರಬಹುದು, −6 ಕೊಟ್ಟರೆ ಚಿಹ್ನೆ ಬದಲಾವಣೆಯೇ ಸಿಗಲಿಲ್ಲ. ಆಮೇಲೆ ಟಾಲರೆನ್ಸ್ ನೂರು ಪಟ್ಟು ಬಿಗಿ ಮಾಡಿ ಮತ್ತೆ ಓಡಿಸಿ, ಎರಡು ಉತ್ತರಗಳಲ್ಲಿ ಹೊಂದುವ ಅಂಕಿಗಳನ್ನಷ್ಟೇ ವರದಿ ಮಾಡುವುದು. ನಂತರ ಟಾಲರೆನ್ಸ್ ಹಾಗೇ ಇಟ್ಟು, ಒಳಹಾಕಿದ ದತ್ತಾಂಶವನ್ನು 10⁻¹⁰ರಷ್ಟು ಅಲುಗಿಸುವುದು. ಉತ್ತರ 10⁻³ರಷ್ಟು ಅಲುಗಿದರೆ ಪ್ರಶ್ನೆಯೇ ಏಳು ಅಂಕಿ ನುಂಗುತ್ತಿದೆ, ಯಾವ ಸಾಲ್ವರ್ ತಂದರೂ ಅವು ಮರಳವು. ಬಿಗಿ ಮಾಡುವುದಕ್ಕೂ ಮಿತಿಯಿದೆ. ಅವಕಲ ಸಮೀಕರಣದ ಸಾಲ್ವರ್‌ಗಳು ಸಾಪೇಕ್ಷ ಟಾಲರೆನ್ಸ್ ಅನ್ನು ಎಪ್ಸಿಲಾನ್‌ನ ನೂರು ಪಟ್ಟು, ಅಂದರೆ 2.2×10⁻¹⁴ಕ್ಕಿಂತ ಕೆಳಗೆ ಇಳಿಯಗೊಡುವುದಿಲ್ಲ. ಅದರಾಚೆ ಬೇಕೆಂದರೆ ಎಂಪಿಮ್ಯಾಥ್‌ನಂಥ ಗ್ರಂಥಾಲಯದಲ್ಲಿ 50 ಅಂಕಿ ಇಟ್ಟು ಅದೇ ಲೆಕ್ಕ ಮಾಡಿ, ಡಬಲ್‌ನ ಉತ್ತರದ ಪಕ್ಕದಲ್ಲಿಡಬಹುದು. ಆಗ 0.1 ಅನ್ನು ಉದ್ಧರಣ ಚಿಹ್ನೆಯೊಳಗೆ, ಅಕ್ಷರಮಾಲೆಯಾಗಿ ಕೊಡಬೇಕು. ಬರಿಯ ಸಂಖ್ಯೆಯಾಗಿ ಕೊಟ್ಟರೆ ಪೈಥಾನ್ ಅದನ್ನು ಮೊದಲು ಡಬಲ್ ಮಾಡಿ ಆಮೇಲೆ ದಾಟಿಸುತ್ತದೆ, ಹದಿನೇಳನೇ ಅಂಕಿಯ ಹತ್ತಿರದ ತಪ್ಪು 50 ಅಂಕಿಗಳ ಲೆಕ್ಕದೊಳಗೂ ಹಾಗೇ ಬಂದು ಕೂರುತ್ತದೆ.